ಎರಡನೆಯ ಭಾಗದಲ್ಲಿ ಬೂತಾಯಿ

ಫಳ್ನೀರಿನ ಇಳಿಜಾರಲ್ಲಿ ಬೊನವೆಂಚರನ ಗಡಿಯಾರದಂಗಡಿ.
ಶನಿವಾರ ಸಂಜೆ ಅರ್ಧ ಶಟರು ಎಳೆದ ಮೇಲೆ
ಅದು ಅಂಗಡಿಯಲ್ಲ, ಕೋರ್ಟು.
ಕಟಕಟೆಯಲ್ಲಿ ಒಬ್ಬನೇ:
ಸತ್ತು ಮೂವತ್ತು ವರ್ಷವಾದ ಬರ್ಗಾನ್,
ಪಿಯಾನೋದ ಬರ್ಗಾನ್,
ಮಂಗಳೂರು ಎಂದರೆ ಹಂಚು ಎಂದೂ ತಿಳಿಯದೆ ಹೋದವನು.

ಒಂದೇ ಸೊನಾಟಾ, ಎರಡು ತಟ್ಟೆ.
ಮೂವತ್ತರ ಹರೆಯದಲ್ಲಿ ನುಡಿಸಿದ್ದೊಂದು,
ಎಪ್ಪತ್ತರಲ್ಲಿ, ಕೆಮ್ಮುವ ಜನರ ನಡುವೆ ಇನ್ನೊಂದು.
ಯಾವುದು ದೊಡ್ಡದು?
ಹತ್ತೊಂಬತ್ತು ವರ್ಷದಿಂದ ವಾಯಿದೆಯ ಮೇಲೆ ವಾಯಿದೆ.

ಬೊನವೆಂಚರ್ ಹೇಳುತ್ತಾನೆ: "ಮೊದಲಿನದ್ದು ಮಾರಾಯ,
ಒಂದು ಹಲ್ಲು ತಪ್ಪದ ಚಕ್ರ."
ಊರಿನ ಹನ್ನೊಂದು ಪಿಯಾನೋಗಳಿಗೂ ಅವನೇ ವೈದ್ಯ.
ಉಪ್ಪುಗಾಳಿಗೆ ತುಕ್ಕು ಹಿಡಿದ ತಂತಿ,
ಹಲಗೆಯೊಳಗೆ ಸಂಸಾರ ಹೂಡಿದ ಗೆದ್ದಲು,
ಎಲ್ಲ ಕಂಡ ಕೈ; ಅದಕ್ಕೆ ನಿಖರತೆಯೇ ದೇವರು.

ಫೆಲ್ಸಿ ಟೀಚರು ಚಾದ ಗ್ಲಾಸು ಕುಕ್ಕುತ್ತಾರೆ:
"ಮುದುಕ ಅಲ್ಲಿ ಒಂದು ಕಡೆ ತಪ್ಪುತ್ತಾನೆ, ಕೇಳಿದೆಯಾ?
ತಪ್ಪಿ, ಆ ತಪ್ಪನ್ನೇ ಹಿಡಿದು ಮೆಟ್ಟಿಲು ಇಳಿಯುತ್ತಾನೆ.
ನಿನ್ನ ಚಕ್ರಕ್ಕೆ ಅದು ಬರ್ತದಾ?"

ಹಮೀದಾಕನದು ಬೇರೆಯೇ ಸಾಕ್ಷಿ.
ಹಡಗಿನ ಅಡುಗೆಯವ; ಯಾವುದೋ ಬಂದರಿನಲ್ಲಿ
ಸಭಾಂಗಣದ ಹಿಂಬಾಗಿಲಿಗೆ ಬೆನ್ನು ಕೊಟ್ಟು
ಟಿಕೇಟಿಲ್ಲದೆ ಕೇಳಿದನಂತೆ, ಗೋಡೆಯಾಚೆಯಿಂದ.
"ಅದರ ಮುಂದೆ ಎರಡೂ ತಂಗಳು.
ಆದರೆ ಎಂತ ಮಾಡುದು, ರೆಕಾರ್ಡು ಆಗ್ಲಿಲ್ಲ."
ಆಗದೇ ಇದ್ದದ್ದನ್ನು ವಾದದಲ್ಲಿ ಸೋಲಿಸುವುದು ಕಷ್ಟ.

ನಾನು ಧಕ್ಕೆಯಲ್ಲಿ ಮೂಟೆ ಎಣಿಸಿದ ಗುಮಾಸ್ತ.
ಸ್ವರದ ಬರಹ ನನಗೆ ಇರುವೆ ಸಾಲು.
ನನ್ನ ಹತ್ತಿರ ಇದ್ದದ್ದು ಒಂದು ಕ್ಯಾಸೆಟ್ಟು,
ತುಂಡಾದಲ್ಲಿ ಅಕ್ಕನ ಉಗುರು ಬಣ್ಣದಿಂದ ಅಂಟಿಸಿದ್ದು.
ಎಪ್ಪತ್ತೆಂಟನೇ ಇಸವಿ, ಬೋಳಾರದ ಮನೆ,
ಭಾನುವಾರ ಹನ್ನೊಂದು ಗಂಟೆ.
ರೇಡಿಯೋದ ಬಾಯಿಗೆ
ದೋಹಾದಿಂದ ಬಂದ ಮಾವನ ಟೇಪು ಹಿಡಿದು
ಅಮ್ಮನಿಗೆ ಸೌಟು ಇಡಬೇಡ ಎಂದೆ,
ಅಪ್ಪನಿಗೆ ಸೀನಬೇಡ ಎಂದೆ.
ಕಿಟಕಿಗೆ ಏನೂ ಹೇಳಿರಲಿಲ್ಲ.

ಎರಡನೆಯ ಭಾಗ. ಬರ್ಗಾನ್ ಮೆಲ್ಲನೆ ಏರಿ,
ಏರಿ, ತುದಿಯಲ್ಲಿ ಕೈಯೆತ್ತಿ ನಿಂತ.
ಆ ಖಾಲಿಯೊಳಗೆ, ಓಣಿಯ ತಿರುವಿನಿಂದ ಸೇಸಕ್ಕ:
"ಬೂತಾಯೀ... ಬಂಗುಡೇ..."
ಅವಳು ಮುಗಿಸುವವರೆಗೆ ಕಾದು
ಅವನು ಕೆಳಗಿನ ಸ್ವರ ಮುಟ್ಟಿದ.
ಕಾದ. ನಾನು ಪ್ರಮಾಣ ಮಾಡಿ ಹೇಳುತ್ತೇನೆ.

ಮೊನ್ನೆ ಶನಿವಾರ ಧೈರ್ಯ ಮಾಡಿ ಕೊಂಡುಹೋದೆ.
ಬೊನವೆಂಚರ್ ಮೊದಲೇ ಮೂಗು ಮುರಿದ:
"ಟೇಪು ಎಳೆದಿದೆ, ಕಾಲು ಸ್ವರ ಇಳಿದಿದೆ."
ಟೀಚರು ಕಣ್ಣು ಮುಚ್ಚಿದರು, ಸೌಜನ್ಯಕ್ಕೆ.
ಕೂಗು ಬಂತು.
ಯಾರೂ ನಗಲಿಲ್ಲ.
ಬೊನವೆಂಚರ್ ಮೇಜಿನ ಡಬ್ಬದಿಂದ ಶ್ರುತಿಕಡ್ಡಿ ತೆಗೆದು
ಮೊಣಕಾಲಿಗೆ ಬಡಿದು ಕಿವಿಗಿಟ್ಟುಕೊಂಡ,
ಹಿಂದಕ್ಕೆ ಸುತ್ತಿಸಿದ, ಇನ್ನೊಮ್ಮೆ ಬಡಿದ.
"ಅವಳೂ ಕಾಲು ಸ್ವರ ಇಳಿದಿದ್ದಾಳೆ," ಎಂದ,
"ಸರಿಯಾಗಿ ಅವನಷ್ಟೇ."
"ಒಂದೇ ಟೇಪಲ್ವಾ, ಬೊನಾ," ಎಂದರು ಟೀಚರು.
ಅವನಿಗೆ ಅದು ಕೇಳಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ.
ಹಮೀದಾಕ ಮಾತ್ರ, ಬಹಳ ಹೊತ್ತಿನ ಮೇಲೆ:
"ಆಗ ನೂರಕ್ಕೆ ಎಷ್ಟು ಇತ್ತು ಬೂತಾಯಿ?"

ತೀರ್ಪು ಬರಲಿಲ್ಲ. ಮುಂದಿನ ವಾಯಿದೆ ಇಪ್ಪತ್ತೆರಡಕ್ಕೆ.
ಆದರೆ ಹೊರಡುವ ಮೊದಲು
ಹರೆಯದ ಬರ್ಗಾನನನ್ನು, ಗೀರಿಲ್ಲದ ತಟ್ಟೆಯನ್ನು
ಮತ್ತೊಮ್ಮೆ ತಿರುಗಲು ಬಿಟ್ಟೆವು.
ಎರಡನೆಯ ಭಾಗ. ಅವನು ಏರಿದ, ನಿಂತ.
ನಾವು ನಾಲ್ವರೂ
ಶಟರಿನ ಕೆಳಗಿನ ಬೆಳಕಿನ ಪಟ್ಟಿಯನ್ನು,
ಅಲ್ಲಿ ಹಾದುಹೋಗುವ ಕಾಲುಗಳನ್ನು ನೋಡುತ್ತಿದ್ದೆವು.